ನಾಯಿಗಳ ಅಜಿಲಿಟಿಗೆ ವಾರಕ್ಕೆರಡು ಬೆಳಿಗ್ಗೆ ಮೈದಾನ ಕೊಡಿ: ಬೆಂಗಳೂರಿನ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಇವರಿಗೆ,
ಬೆಂಗಳೂರಿನ ಐದು ನಗರ ಪಾಲಿಕೆಗಳ ಮಾನ್ಯ ಆಯುಕ್ತರು
ಪ್ರತಿ: ತೋಟಗಾರಿಕೆ ಇಲಾಖೆಯ ಅಧಿಕಾರಿಗಳು, ಮೈದಾನಗಳ ಅಕ್ಕಪಕ್ಕದ ನಿವಾಸಿಗಳು

ವಿಷಯ: ನಾಯಿಗಳ ಅಜಿಲಿಟಿ (ಅಡೆತಡೆ ಓಟ) ಅಭ್ಯಾಸಕ್ಕೆ ನಿಗದಿತ ವೇಳೆಯಲ್ಲಿ ಮೈದಾನ ಒದಗಿಸುವ ಬಗ್ಗೆ

ಮಾನ್ಯರೇ,

ನಗರದ ಶ್ವಾನ ಕ್ರೀಡಾ ಕ್ಲಬ್ಬೊಂದರವರಾದ ನಾವು ಕೇಳುತ್ತಿರುವುದು ಇಷ್ಟು: ಸುತ್ತ ಬೇಲಿಯಿರುವ ಯಾವುದಾದರೂ ಪಾಲಿಕೆ ಮೈದಾನದಲ್ಲಿ 24 ಮೀಟರ್ ಅಗಲ, 40 ಮೀಟರ್ ಉದ್ದದ ಜಾಗ, ವಾರದಲ್ಲಿ ಎರಡು ದಿನ ಬೆಳಿಗ್ಗೆ 6ರಿಂದ 8.30, ಪಂದ್ಯಕ್ಕೆಂದು ವರ್ಷಕ್ಕೆ ಎರಡು ಭಾನುವಾರ. ಬಾಡಿಗೆ ಕಟ್ಟುತ್ತೇವೆ. ಅನುದಾನ ಬೇಡ, ಕಟ್ಟಡ ಬೇಡ. ಬೇಕಾಗಿರುವುದು ಬರವಣಿಗೆಯಲ್ಲಿರುವ ಒಂದು ವೇಳಾಪಟ್ಟಿ ಮತ್ತು ಷರತ್ತುಗಳ ಒಂದು ಹಾಳೆ.

ಇದನ್ನು ಅರ್ಜಿಯಾಗಿ ಕೊಟ್ಟು ಸುಮ್ಮನಿರಬಹುದಿತ್ತು. ಆದರೆ ಮೈದಾನ ಆಯುಕ್ತರ ಸಹಿಯಿಂದ ಸಿಕ್ಕರೂ ಅಲ್ಲಿ ದಿನಾ ವಾಕಿಂಗ್ ಬರುವವರ, ಕ್ರಿಕೆಟ್ ಆಡುವ ಹುಡುಗರ ಒಪ್ಪಿಗೆಯಿಲ್ಲದೆ ಉಳಿಯುವುದಿಲ್ಲ. "ನಾಯಿಗಳ ಕ್ಲಬ್ಬು" ಎಂದೊಡನೆ ಜನರ ತಲೆಗೆ ಬರುವುದು ಒಂದೋ ಕೂದಲು ಬಾಚಿಸಿಕೊಂಡ ನಾಯಿಗಳ ಡಾಗ್ ಶೋ, ಇಲ್ಲವೇ ಹಣ ಕಟ್ಟಿ ಓಡಿಸುವ ರೇಸು. ಎರಡೂ ಇದಲ್ಲ. ಆದ್ದರಿಂದ ಎಲ್ಲರೂ ಓದುವಂತೆ ಬರೆಯುತ್ತಿದ್ದೇವೆ.

ಅಜಿಲಿಟಿ ಎಂದರೆ ಅಂಕಿ ಹಚ್ಚಿದ ಅಡೆತಡೆಗಳನ್ನು ಅದೇ ಕ್ರಮದಲ್ಲಿ ನಾಯಿ ದಾಟುವುದು. ಹ್ಯಾಂಡ್ಲರ್, ಅಂದರೆ ನಾಯಿಯನ್ನು ನಡೆಸುವವರು, ಪಕ್ಕದಲ್ಲಿ ಓಡುತ್ತಾ ಮಾತು, ಕೈ, ಹೆಗಲು, ಪಾದದ ದಿಕ್ಕಿನಿಂದ ದಾರಿ ತೋರಿಸಬೇಕು. ನಾಯಿಯನ್ನು ಮುಟ್ಟುವಂತಿಲ್ಲ, ಅಡೆತಡೆಯನ್ನೂ ಮುಟ್ಟುವಂತಿಲ್ಲ, ಕೈಯಲ್ಲಿ ತಿಂಡಿಯಾಗಲಿ ಆಟಿಕೆಯಾಗಲಿ ಇರುವಂತಿಲ್ಲ. ಕುದುರೆಗಳ ಜಂಪಿಂಗ್ ನೋಡಿ ಹುಟ್ಟಿದ ಆಟವಿದು. 1978ರಲ್ಲಿ ಲಂಡನ್ನಿನ ಕ್ರಫ್ಟ್ಸ್ ಶ್ವಾನ ಪ್ರದರ್ಶನದಲ್ಲಿ ಎರಡು ಕಾರ್ಯಕ್ರಮಗಳ ನಡುವಿನ ಬಿಡುವು ತುಂಬಲು ಮೊದಲ ಬಾರಿ ಆಡಿಸಿದರು. ಈಗ ಎಫ್‌ಸಿಐ ಎಂಬ ಅಂತರರಾಷ್ಟ್ರೀಯ ಒಕ್ಕೂಟದ ನಿಯಮಗಳನ್ನೇ ಹಲವು ದೇಶಗಳು ಅನುಸರಿಸುತ್ತವೆ. ಕೆಳಗೆ ಕೊಟ್ಟಿರುವ ಅಳತೆಗಳೂ ಅವೇ.

ಇಲ್ಲಿ ಬಾಜಿ ಇಲ್ಲ. ಒಂದು ನಾಯಿಯ ಎದುರು ಇನ್ನೊಂದು ನಾಯಿ ಇರುವುದೇ ಇಲ್ಲ. ಪ್ರಾಣಿಗಳನ್ನು ಕಾದಾಟಕ್ಕೆ ಬಿಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊಲ ಬಿಟ್ಟು ಬೇಟೆ ನಾಯಿ ಓಡಿಸುವುದು ವನ್ಯಜೀವಿ ಕಾಯ್ದೆಯಡಿ ಅಪರಾಧ. ಅವುಗಳ ಜೊತೆ ಈ ಆಟವನ್ನು ಕಟ್ಟಬೇಡಿ.

ಜಾಗದ ಅಳತೆಗಿಂತ ನೆಲ ಮುಖ್ಯ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ "ಪಾರ್ಕಿಂಗ್ ಜಾಗ ಖಾಲಿ ಇದೆ, ಅಲ್ಲೇ ಮಾಡಿಕೊಳ್ಳಿ", "ಬ್ಯಾಸ್ಕೆಟ್‌ಬಾಲ್ ಕೋರ್ಟ್ ಇದೆಯಲ್ಲ" ಎಂಬ ಸಲಹೆ ತುಂಬಾ ಸಲ ಬರುತ್ತದೆ. ಬ್ಯಾಸ್ಕೆಟ್‌ಬಾಲ್ ಕೋರ್ಟ್ 28ಕ್ಕೆ 15 ಮೀಟರ್, ಅಗಲವೇ ಸಾಲದು. ಸಾಲುವಂತಿದ್ದರೂ ಕಾಂಕ್ರೀಟ್ ಆಗದು. ನಾಯಿ ಜಿಗಿದು ಇಳಿಯುವಾಗ ಮೈಭಾರವೆಲ್ಲ ಮೊದಲು ಮುಂಗಾಲಿನ ಮೇಲೆ ಬೀಳುತ್ತದೆ. ಇಳಿದ ಕೂಡಲೇ ತಿರುವು ಇದ್ದರೆ ಒಳಬದಿಯ ಹೆಗಲು ತಿರುಚಿಕೊಳ್ಳುತ್ತದೆ. ಒಂದು ಅಭ್ಯಾಸದಲ್ಲಿ ನಾಯಿ ಮೂವತ್ತು ನಲವತ್ತು ಸಲ ಹೀಗೆ ಇಳಿಯುತ್ತದೆ. ಕಾಂಕ್ರೀಟ್, ಇಂಟರ್‌ಲಾಕ್ ಟೈಲ್ಸು, ಏಪ್ರಿಲ್‌ನಲ್ಲಿ ಬಿರಿದ ಕೆಂಪು ಮಣ್ಣು ಮೂರೂ ಒಂದೇ. ಮಳೆಯಲ್ಲಿ ಅದೇ ಕೆಂಪು ಮಣ್ಣು ಜಾರುತ್ತದೆ. ನೆಲ ಹೇಗಿದೆಯೆಂದು ನೋಡಲು ಸುಲಭದ ಉಪಾಯವಿದೆ: ಸ್ಕ್ರೂಡ್ರೈವರನ್ನು ಕೈಯಿಂದ ಒತ್ತಿದರೆ ಎರಡು ಬೆರಳಿನಷ್ಟಾದರೂ ಇಳಿಯಬೇಕು. ಇಳಿಯದಿದ್ದರೆ ಅವತ್ತು ಜಂಪ್ ಇಲ್ಲ, ಬಾರ್ (ನಾಯಿ ಹಾರಿ ದಾಟುವ ಅಡ್ಡಕೋಲು) ನೆಲದ ಮೇಲಿಟ್ಟು ತಿರುವುಗಳನ್ನಷ್ಟೇ ಕಲಿಸುವುದು.

ಗಂಟೆ ಲೆಕ್ಕದಲ್ಲಿ ಸಿಗುವ ಬಾಕ್ಸ್ ಕ್ರಿಕೆಟ್ ಟರ್ಫ್‌ಗಳು ಒಂದು ದಾರಿ. ಬೆಳಿಗ್ಗೆ ಪರವಾಗಿಲ್ಲ, ಬಿಸಿಲೇರಿದರೆ ಪ್ಲಾಸ್ಟಿಕ್ ಹುಲ್ಲು, ಅದರ ನಡುವಿನ ರಬ್ಬರ್ ಪುಡಿ ಎರಡೂ ಕಾಯುತ್ತವೆ. ಅಂಗೈಯ ಹಿಂಬದಿಯನ್ನು ನೆಲಕ್ಕೆ ಒತ್ತಿ ಏಳು ಸೆಕೆಂಡು ಇಡಲಾಗದಿದ್ದರೆ ನಾಯಿಯ ಪಾದಕ್ಕೂ ಅದು ಆಗದು. ಟರ್ಫಿನಲ್ಲಿ ಗೂಟ ಹೊಡೆಯಲು ಬಿಡುವುದಿಲ್ಲ, ಅದು ನ್ಯಾಯವೇ. ಮರಳಿನ ಚೀಲ ಬಳಸುತ್ತೇವೆ. ಪಾಲಿಕೆ ಮೈದಾನದಲ್ಲೂ ಗೂಟ ಹೊಡೆಯುವುದಿಲ್ಲ ಎಂದು ಈಗಲೇ ಬರೆದುಕೊಡಬಲ್ಲೆವು. ಅಭ್ಯಾಸಕ್ಕೆ ಮೊದಲು ನಾಲ್ಕು ಜನ ಸಾಲಾಗಿ ನಡೆದು ನೆಲ ನೋಡುತ್ತಾರೆ: ಬಾಟಲಿ ಚೂರು, ನೆಗ್ಗಿಲು ಮುಳ್ಳು, ಸ್ಟಂಪ್ ನೆಟ್ಟ ಗುಂಡಿ. ಗುಂಡಿಗೆ ಮಣ್ಣು ತುಂಬುತ್ತೇವೆ, ಗಾಜು ಆರಿಸುತ್ತೇವೆ. ಆಮೇಲೆ ಬರುವ ಹುಡುಗರಿಗೂ ಅದರಿಂದ ಲಾಭವೇ.

"ಕಬ್ಬನ್ ಪಾರ್ಕಿನಲ್ಲಿ ನಾಯಿಗಳಿಗೆ ಜಾಗ ಇದೆಯಲ್ಲ" ಎನ್ನುವವರಿಗೆ: ಅದು ನಾಯಿಗಳು ಒಟ್ಟಿಗೆ ಬಿಡುವಾಗಿ ಆಡುವ ಜಾಗ. ನಮಗೆ ಬೇಕಾದ್ದು ಅದಕ್ಕೆ ತಿರುಗುಮುರುಗು. ಹತ್ತು ನಾಯಿ ಬಂದಿದ್ದರೂ ಒಂದು ಹೊತ್ತಿಗೆ ಒಂದೇ ನಾಯಿ ಬೆಲ್ಟ್ ಬಿಚ್ಚಿರುತ್ತದೆ. ಉಳಿದವು ಇಪ್ಪತ್ತು ಮೀಟರ್ ದೂರದಲ್ಲಿ, ಹಸಿರು ನೆರಳು ಬಲೆಯ ಮರೆಯಲ್ಲಿ, ಕ್ರೇಟಿನಲ್ಲೋ ಚಾಪೆಯ ಮೇಲೋ ಇರುತ್ತವೆ. ಬಲೆ ಬಿಸಿಲಿಗೆ ಮಾತ್ರವಲ್ಲ: ಇನ್ನೊಂದು ನಾಯಿ ಓಡುವುದು ಕಣ್ಣಿಗೆ ಬಿದ್ದರೆ ಕಾಯುವ ನಾಯಿ ಬೊಗಳುತ್ತದೆ, ಕಾಣದಿದ್ದರೆ ಮಲಗುತ್ತದೆ.

ಇನ್ನು ತರಬೇತಿ. ಒಬ್ಬ ತರಬೇತುದಾರರಿಗೆ ಆರು ನಾಯಿ, ಅದಕ್ಕಿಂತ ಹೆಚ್ಚಿಲ್ಲ. ಒಂದು ಗಂಟೆಯಲ್ಲಿ ಪ್ರತಿ ನಾಯಿಗೆ ಮೂರು ನಾಲ್ಕು ನಿಮಿಷದ ಎರಡೋ ಮೂರೋ ಸರದಿ. ಹೊಸಬರು ದುಡ್ಡು ಕೊಟ್ಟು ಇಷ್ಟೇನಾ ಎನ್ನುತ್ತಾರೆ. ನಾಯಿ ಸುಸ್ತಾದ ಮೇಲೆ ಕಲಿಯುವುದು ತಪ್ಪು ಮಾತ್ರ.

ಅಡೆತಡೆ ಮುಟ್ಟುವ ಮೊದಲು ಮೂರು ಸಂಗತಿ ಗಟ್ಟಿಯಾಗಬೇಕು: ಕರೆದರೆ ಬರುವುದು, ಗೆರೆಯಲ್ಲಿ ಕೂತು ಕಾಯುವುದು, ಹ್ಯಾಂಡ್ಲರಿನ ಎರಡೂ ಬದಿಯಲ್ಲಿ ಓಡುವುದು. ಕರೆದರೆ ಬಾರದ ನಾಯಿಯ ಬೆಲ್ಟನ್ನು ಮೈದಾನದಲ್ಲಿ ಬಿಚ್ಚುವುದಿಲ್ಲ. ಹತ್ತು ಮೀಟರಿನ ಉದ್ದ ಹಗ್ಗದಲ್ಲೇ ಕಲಿಸುತ್ತೇವೆ. ಕಲಿಕೆಯೆಲ್ಲ ತಿಂಡಿ ಮತ್ತು ಆಟಿಕೆಯಿಂದ. ಶಾಕ್ ಕಾಲರ್, ಮುಳ್ಳಿನ ಕಾಲರ್ ಹಾಕಿಕೊಂಡು ಬಂದವರನ್ನು ಗೇಟಿನಲ್ಲೇ ವಾಪಸು ಕಳಿಸುತ್ತೇವೆ. ಇದು ಬರೀ ದಯೆಯ ಮಾತಲ್ಲ. ಹೊಡೆಸಿಕೊಂಡ ನಾಯಿ ಹ್ಯಾಂಡ್ಲರಿನ ಮುಖ ನೋಡುತ್ತಾ ನಿಧಾನವಾಗಿ ಓಡುತ್ತದೆ. ಅಡೆತಡೆ ನೋಡಿ ಮುಂದೆ ನುಗ್ಗುವ ನಾಯಿ ಬೇಕು.

ಎಲುಬು ಬಲಿಯುವ ತನಕ, ಅಂದರೆ ಸುಮಾರು ಒಂದು ವರ್ಷದವರೆಗೆ, ದೊಡ್ಡ ತಳಿಗಳಿಗೆ ಇನ್ನೂ ಕೆಲವು ತಿಂಗಳು ಹೆಚ್ಚು, ಪೂರ್ತಿ ಎತ್ತರದ ಜಂಪ್ ಇಲ್ಲ. ಎಫ್‌ಸಿಐ ಪಂದ್ಯಕ್ಕೆ 18 ತಿಂಗಳು ತುಂಬಿರಬೇಕು. ಎತ್ತರ ನಿರ್ಧಾರವಾಗುವುದು ನಾಯಿಯ ಹೆಗಲ ಎತ್ತರದಿಂದ: 35 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಸ್ಮಾಲ್, ಬಾರ್ 25ರಿಂದ 30. 43ಕ್ಕಿಂತ ಕಡಿಮೆ ಇದ್ದರೆ ಮೀಡಿಯಂ, 35ರಿಂದ 40. 48ಕ್ಕಿಂತ ಕಡಿಮೆ ಇದ್ದರೆ ಇಂಟರ್‌ಮೀಡಿಯೆಟ್, 45ರಿಂದ 50. ಅದಕ್ಕೂ ಮೇಲಿನವು ಲಾರ್ಜ್, 55ರಿಂದ 60.

ಟನೆಲ್ ಎಲ್ಲಕ್ಕಿಂತ ಸುಲಭ. 60 ಸೆಂ.ಮೀ. ಅಗಲದ ಬಟ್ಟೆಯ ಕೊಳವೆ, 3ರಿಂದ 6 ಮೀಟರ್ ಉದ್ದ. ಒಂದು ಮೀಟರಿಗೆ ಮಡಚಿ ಶುರು ಮಾಡಿ ದಿನದಿನಕ್ಕೆ ಉದ್ದ ಬಿಡುವುದು, ಆಮೇಲೆ ಬಾಗಿಸುವುದು. ಇಲ್ಲಿ ಕೆಡುವುದು ಒಂದೇ, ಚೀಲ ಕಟ್ಟುವುದು. ಮೀಟರಿಗೊಂದು ಜೋಡಿ ಮರಳು ಚೀಲ ಬಿಗಿಯದಿದ್ದರೆ ವೇಗದ ನಾಯಿ ಒಳಗೆ ತಿರುಗುವಾಗ ಟನೆಲ್ ಉರುಳುತ್ತದೆ. ಒಮ್ಮೆ ಉರುಳಿದರೆ ಆ ನಾಯಿ ವಾರಗಟ್ಟಲೆ ಒಳಗೆ ಹೋಗುವುದಿಲ್ಲ. ಮುಧೋಳ ನಾಯಿಗೆ ಬೇರೆ ತೊಂದರೆ: ಎತ್ತರ ಹೆಚ್ಚು, ಮೈ ತಗ್ಗಿಸಿಯೇ ನುಸುಳಬೇಕು, ಅಲ್ಲೇ ಸಮಯ ಹೋಗುತ್ತದೆ. ಒಂದೇ ಪಾಠವನ್ನು ನಾಲ್ಕನೇ ಸಲ ಹೇಳಿದರೆ ಅದು ಮುಖ ತಿರುಗಿಸಿ ನಿಲ್ಲುತ್ತದೆ. ಅಳಿಲು ಕಂಡರೆ ಕರೆದದ್ದು ಕೇಳಿಸುವುದಿಲ್ಲ. ಬಾಗಲಕೋಟೆಯ ತಿಮ್ಮಾಪುರದಲ್ಲಿ ಸರ್ಕಾರವೇ ಸಂಶೋಧನಾ ಕೇಂದ್ರ ನಡೆಸಿ ಕಾಪಾಡುತ್ತಿರುವ ನಮ್ಮದೇ ತಳಿ ಅದು, ರಾಜಧಾನಿಯಲ್ಲಿ ಬೆಲ್ಟ್ ಬಿಚ್ಚಿ ಓಡಿಸಲು ಬೇಲಿಯಿರುವ ಜಾಗ ಸಿಗಬೇಕಲ್ಲವೆ? ಬೇಲಿ ಎಂದು ಮೊದಲ ಸಾಲಿನಲ್ಲೇ ಬರೆದದ್ದಕ್ಕೆ ಇದೂ ಒಂದು ಕಾರಣ.

ವೀವ್ ಪೋಲ್ ಕಲಿಸಲು ತಿಂಗಳುಗಳು ಬೇಕು. ಹನ್ನೆರಡು ಕಂಬ, ಒಂದರಿಂದೊಂದಕ್ಕೆ 60 ಸೆಂ.ಮೀ., ನಾಯಿ ಹಾವಿನಂತೆ ಹೊಸೆದು ಹೋಗಬೇಕು. ಮೊದಲ ಕಂಬ ಯಾವಾಗಲೂ ನಾಯಿಯ ಎಡಕ್ಕೆ ಬರಬೇಕು, ಯಾವ ಕೋನದಿಂದ ಓಡಿ ಬಂದರೂ. ಕಲಿಸುವ ಎರಡು ದಾರಿ ಇವೆ. ಒಂದರಲ್ಲಿ ಕಂಬಗಳನ್ನು ಎರಡು ಸಾಲು ಮಾಡಿ ನಡುವೆ ಓಣಿ ಬಿಟ್ಟು, ನಾಯಿ ನೇರ ಓಡಲು ಕಲಿತ ಮೇಲೆ ದಿನಕ್ಕೆರಡು ಸೆಂ.ಮೀ.ನಂತೆ ಓಣಿ ಮುಚ್ಚುತ್ತಾ ಬರುವುದು. ಇನ್ನೊಂದರಲ್ಲಿ ಎರಡೇ ಕಂಬದಿಂದ ಶುರು ಮಾಡಿ, ಸುತ್ತಲಿನ ಎಲ್ಲ ಕೋನಗಳಿಂದಲೂ ಸರಿಯಾದ ಸಂದಿಗೆ ನುಗ್ಗುವುದನ್ನು ಕಲಿಸಿ, ಆಮೇಲೆ ನಾಲ್ಕು, ಆರು, ಹನ್ನೆರಡು. ಓಣಿಯ ದಾರಿಯಲ್ಲಿ ಲಯ ಬೇಗ ಬರುತ್ತದೆ, ಪ್ರವೇಶ ಕೆಡುತ್ತದೆ; ಎರಡು ಕಂಬದ ದಾರಿಯಲ್ಲಿ ಅದರ ಉಲ್ಟಾ. ನಮ್ಮ ಆಯ್ಕೆ ಎರಡನೆಯದು, ಯಾಕೆಂದರೆ ಪಂದ್ಯದಲ್ಲಿ ಸೋಲುವುದು ಪ್ರವೇಶದಲ್ಲಿ. ಹತ್ತನೇ ಕಂಬದಲ್ಲಿ ನಾಯಿ ಹೊರಗೆ ಹಾರಿದರೆ ಬೈಸಿಕೊಳ್ಳಬೇಕಾದ್ದು ನಾಯಿಯಲ್ಲ: ಕೊನೆಯ ಎರಡು ಕಂಬ ಬಾಕಿ ಇರುವಾಗಲೇ ಹ್ಯಾಂಡ್ಲರ್ ಮುಂದಿನ ಜಂಪಿನ ಕಡೆ ಹೆಗಲು ತಿರುಗಿಸಿರುತ್ತಾರೆ.

ಹತ್ತಿ ಇಳಿಯುವ ಅಡೆತಡೆಗಳು ಮೂರು. ಎ-ಫ್ರೇಮ್, ಎರಡು ಹಲಗೆ ಮಾಡಿನಂತೆ ಸೇರಿಸಿದ್ದು, ತುದಿಯ ಎತ್ತರ 1.70 ಮೀಟರ್; ಡಾಗ್ ವಾಕ್, 30 ಸೆಂ.ಮೀ. ಅಗಲದ ಹಲಗೆಯ ಸೇತುವೆ; ಮತ್ತು ಸೀಸಾ, ಮಕ್ಕಳ ಪಾರ್ಕಿನಲ್ಲಿರುವಂತೆ ಮೇಲೆ ಕೆಳಗೆ ತೂಗುವ ಹಲಗೆ. ಮೂರರ ಬುಡದಲ್ಲೂ ಬೇರೆ ಬಣ್ಣ ಬಳಿದ ಪಟ್ಟಿ ಇರುತ್ತದೆ: ಎ-ಫ್ರೇಮಿಗೆ 106 ಸೆಂ.ಮೀ., ಉಳಿದವಕ್ಕೆ 90. ಇಳಿಯುವಾಗ ಅದರ ಮೇಲೆ ಒಂದು ಪಾದವಾದರೂ ಬೀಳಲೇಬೇಕು. ಮೇಲಿಂದಲೇ ಹಾರಿ ಇಳಿಯುವುದನ್ನು ತಡೆಯಲು ಮಾಡಿದ ನಿಯಮ, ನಾಯಿಯ ಕೀಲು ಉಳಿಸುವ ನಿಯಮ. ಇದನ್ನು ಕೊನೆಯಿಂದ ಹಿಂದಕ್ಕೆ ಕಲಿಸುತ್ತೇವೆ: ನಾಯಿಯನ್ನು ಎತ್ತಿ ಹಲಗೆಯ ಬುಡದಲ್ಲಿ ನಿಲ್ಲಿಸಿ, ಹಿಂಗಾಲು ಹಲಗೆಯ ಮೇಲೆ, ಮುಂಗಾಲು ನೆಲದ ಮೇಲೆ, ತಿಂಡಿ ನೆಲದಲ್ಲಿ. ಆ ನಿಲುವು ಗಟ್ಟಿಯಾದ ಮೇಲೆ ಒಂದು ಹೆಜ್ಜೆ ಮೇಲಿಂದ, ಮತ್ತೆ ಇನ್ನೊಂದು.

ಸೀಸಾದಲ್ಲಿ ನಾಯಿ ಹೆದರುವುದು ಸದ್ದಿಗೆ, ಎತ್ತರಕ್ಕೆ ಅಷ್ಟಿಲ್ಲ. ಹಲಗೆಯ ಕೆಳಗೆ ಹಳೆಯ ಟೈರಿಟ್ಟು, ಒಬ್ಬರು ತುದಿ ಹಿಡಿದು, ಬೀಳುವ ಎತ್ತರವನ್ನು ಒಂದು ಗೇಣಿನಿಂದ ಶುರು ಮಾಡಬೇಕು. ಹಲಗೆ ತೂಗುವ ವೇಗಕ್ಕೆ ಪರೀಕ್ಷೆ ಇದೆ: ಇಳಿಬದಿಯ ಬಣ್ಣದ ಪಟ್ಟಿಯ ನಡುವೆ 1 ಕೆ.ಜಿ. ತೂಕ ಇಟ್ಟರೆ 2ರಿಂದ 3 ಸೆಕೆಂಡಿನಲ್ಲಿ ನೆಲ ಮುಟ್ಟಬೇಕು. ಸ್ಥಳೀಯ ಬಡಗಿಗಳು ಮಾಡಿದ ಸೀಸಾಗಳು ಹೆಚ್ಚಾಗಿ ಫೇಲಾಗುವುದು ಇಲ್ಲೇ. ಪ್ಲೈವುಡ್ ಮಳೆ ನೀರು ಕುಡಿದು ಒಂದು ಬದಿ ಭಾರವಾಗುತ್ತದೆ, ಐದು ಕೆ.ಜಿ.ಯ ಸ್ಪಿಟ್ಜ್ ಗಾಳಿಯಲ್ಲೇ ನಿಂತು ಬಿಡುತ್ತದೆ. ಮೆರೈನ್ ಪ್ಲೈ, ಅದರ ಮೇಲೆ ರಬ್ಬರ್ ಹರಳಿನ ಲೇಪ, ಅಂಚಿಗೂ ಸ್ಕ್ರೂ ತೂತಿಗೂ ಬಣ್ಣ: ಇಷ್ಟಾದರೆ ಬಾಳುತ್ತದೆ. ಮರಳು ಬೆರೆಸಿದ ಪೇಂಟು ಅಗ್ಗ, ಆದರೆ ಪಾದ ತರಚುತ್ತದೆ. ಜಂಪಿನ ಬಾರಿಗೆ ಪಿವಿಸಿ ಪೈಪ್ ಸಾಕು, ಕಬ್ಬಿಣ ಎಂದೂ ಬೇಡ. ಬಾರ್ ತಾಗಿದರೆ ಬೀಳುವಂತೆ ತಟ್ಟೆಯ ಮೇಲೆ ಕೂತಿರಬೇಕು. ಬಿಸಿಲಲ್ಲಿ ಬಿಟ್ಟ ಪಿವಿಸಿ ಪೆಡಸಾಗಿ ಚೂಪಾಗಿ ಒಡೆಯುತ್ತದೆ, ಒಡೆದದ್ದಕ್ಕೆ ಟೇಪು ಸುತ್ತಿ ಬಳಸುವುದು ನಿಷೇಧ.

ಬಿಸಿಲಿನ ಮಾತು ಬಂತು. ನಾಯಿ ಮೈ ತಂಪು ಮಾಡಿಕೊಳ್ಳುವುದು ಏದುಸಿರಿನಿಂದ. ನಾಲಿಗೆ ಅಗಲವಾಗಿ ಅಂಚು ಮೇಲಕ್ಕೆ ಮಡಚಿದರೆ ಸರದಿ ಮುಗಿಯಿತು. ವಸಡು ಕಡುಗೆಂಪಾಗಿ ಹೆಜ್ಜೆ ತೂರಾಡಿದರೆ ಮೊದಲು ನೆರಳು, ಮೈಮೇಲೆಲ್ಲ ತಣ್ಣೀರು, ಗಾಳಿ. ಆಮೇಲೆ ಡಾಕ್ಟರ ಬಳಿ. ಒದ್ದೆ ಟವೆಲ್ ಹೊದಿಸಿ ಬಿಡಬಾರದು, ಅದು ಶಾಖವನ್ನು ಒಳಗೇ ಹಿಡಿದಿಡುತ್ತದೆ. ಪಗ್‌ನಂಥ ಚಪ್ಪಟೆ ಮೂಗಿನ ನಾಯಿಗಳಿಗೆ ಎಲ್ಲದರಲ್ಲೂ ಅರ್ಧ. ಬೆಳಿಗ್ಗೆ 6 ಗಂಟೆಯೇ ಬೇಕು, 10 ಗಂಟೆಯ ಸ್ಲಾಟ್ ಕೊಟ್ಟರೆ ಬೇಡ ಎನ್ನುವುದು ಇದಕ್ಕೇ.

ಪಂದ್ಯದ ದಿನ ಹೀಗಿರುತ್ತದೆ. ತೀರ್ಪುಗಾರರು ಕೋರ್ಸಿನ ನಕ್ಷೆ ತರುತ್ತಾರೆ: 15ರಿಂದ 22 ಅಡೆತಡೆ, ಅಳತೆ ಚಕ್ರ ಹಿಡಿದು ನಾಯಿ ಓಡುವ ದಾರಿಯನ್ನು ಅಳೆಯುತ್ತಾರೆ. 160 ಮೀಟರ್ ಬಂದು, ಸೆಕೆಂಡಿಗೆ 4 ಮೀಟರ್ ವೇಗ ಎಂದು ನಿಗದಿ ಮಾಡಿದರೆ ನಿಗದಿತ ಸಮಯ 40 ಸೆಕೆಂಡು. ಹ್ಯಾಂಡ್ಲರುಗಳು ನಾಯಿಯಿಲ್ಲದೆ ಕೆಲವು ನಿಮಿಷ ಕೋರ್ಸ್ ನಡೆದು ನೋಡುತ್ತಾರೆ. ಖಾಲಿ ಮೈದಾನದಲ್ಲಿ ಕೈ ಬೀಸುತ್ತಾ ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಇಪ್ಪತ್ತು ಜನರನ್ನು ಕಂಡರೆ ಗಾಬರಿಯಾಗಬೇಡಿ. ಬಾರ್ ಬಿದ್ದರೆ 5 ತಪ್ಪು, ಬಣ್ಣದ ಪಟ್ಟಿ ಬಿಟ್ಟರೆ 5, ಅಡೆತಡೆಯ ಮುಂದೆ ನಿಂತರೆ ಅಥವಾ ಪಕ್ಕದಿಂದ ದಾಟಿದರೆ 5; ಮೂರು ಸಲ ಹಾಗಾದರೆ ಹೊರಗೆ. ತಪ್ಪು ಕ್ರಮದಲ್ಲಿ ಅಡೆತಡೆ ದಾಟಿದರೂ ಹೊರಗೆ. ಸಮಯ ಮೀರಿದ್ದೂ ಸೇರುತ್ತದೆ: ಒಂದು ಬಾರ್ ಬೀಳಿಸಿ 42.35 ಸೆಕೆಂಡಿಗೆ ಬಂದರೆ 7.35. ಆರಕ್ಕಿಂತ ಕಡಿಮೆ ಇದ್ದರೆ ಎಕ್ಸಲೆಂಟ್, ಹದಿನಾರಕ್ಕಿಂತ ಕಡಿಮೆ ಇದ್ದರೆ ವೆರಿ ಗುಡ್. ಮೂವತ್ತು ನಾಯಿಗಳ ಒಂದು ಸುತ್ತಿಗೆ ಬಾರ್ ಎತ್ತರ ಬದಲಿಸುವುದೂ ಸೇರಿ ಒಂದೂಕಾಲು ಗಂಟೆ ಬೇಕು.

ಇದಕ್ಕೆ ತೀರ್ಪುಗಾರರಲ್ಲದೆ ಕನಿಷ್ಠ ಎಂಟು ಜನ ಬೇಕು: ಬರೆದುಕೊಳ್ಳುವವರು, ಸ್ಟಾಪ್‌ವಾಚ್ ಇಬ್ಬರು, ಬಾರ್ ಎತ್ತುವವರು ಇಬ್ಬರು, ಸರದಿ ಕೂಗುವವರು, ಬೆಲ್ಟನ್ನು ಗೆರೆಯಿಂದ ಮುಕ್ತಾಯಕ್ಕೆ ಒಯ್ಯುವವರು, ಟನೆಲ್ ನೋಡಿಕೊಳ್ಳುವವರು. ಸಂಬಳದವರು ಯಾರೂ ಇಲ್ಲ. ಸ್ಪರ್ಧಿಸುವ ಪ್ರತಿಯೊಬ್ಬರೂ ಬೇರೆ ಎತ್ತರದ ಒಂದು ತರಗತಿಗೆ ಕೆಲಸ ಮಾಡಲೇಬೇಕು, ಮಾಡದಿದ್ದರೆ ಮುಂದಿನ ಪಂದ್ಯದ ಪ್ರವೇಶ ಇಲ್ಲ. ಕ್ಲಬ್ಬುಗಳು ಒಡೆಯುವುದು ಸಾಮಾನ್ಯವಾಗಿ ಎ-ಫ್ರೇಮ್ ಎತ್ತಲು ಯಾವಾಗಲೂ ಅದೇ ನಾಲ್ವರು ಬರುವುದರಿಂದ.

ಇಂಥ ಕ್ಲಬ್ಬಿಗೆ ಸರಿಯಾದ ಚೌಕಟ್ಟು 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ. ಏಳು ಜನ ಸಾಕು. ವರ್ಷಕ್ಕೊಂದು ಸರ್ವಸದಸ್ಯರ ಸಭೆ, ಲೆಕ್ಕಪತ್ರ. ಖರ್ಚಿನಲ್ಲಿ ದೊಡ್ಡದು ಸಾಮಾನಲ್ಲ, ಅದನ್ನು ಪ್ರತಿ ಸಲ ಟೆಂಪೊದಲ್ಲಿ ತಂದು ಒಯ್ಯುವುದು. ಮೈದಾನದ ಮೂಲೆಯಲ್ಲಿ 10 ಅಡಿಗೆ 10 ಅಡಿ ಜಾಗ ಸಿಕ್ಕರೆ, ಟಾರ್ಪಾಲಿನ್ ನಮ್ಮದು, ಬೀಗ ನಮ್ಮದು. ತಳಿ ಪತ್ರ ಕೇಳುವುದಿಲ್ಲ. ಬೀದಿಯಿಂದ ತಂದು ಸಾಕಿದ ನಾಡ ನಾಯಿಗಳು ಹಗುರ ಮೈಯವು, ಬಿಸಿಲು ತಡೆಯುವವು, ಈ ಆಟಕ್ಕೆ ಹೇಳಿ ಮಾಡಿಸಿದಂಥವು.

ಈಗ ನಿವಾಸಿಗಳ ಪ್ರಶ್ನೆಗಳಿಗೆ. ರೇಬೀಸ್ ಲಸಿಕೆಯ ಈ ವರ್ಷದ ಪುಸ್ತಕ ತೋರಿಸದ ನಾಯಿಗೆ ಒಳಗೆ ಬಿಡುವುದಿಲ್ಲ. ಲೆಪ್ಟೊ (ಇಲಿ ಜ್ವರ) ಲಸಿಕೆ, ಉಣ್ಣಿ ಹುಳದ ಔಷಧ ಕೂಡ ಬೇಕು. ಉಣ್ಣಿ ಜ್ವರ ಈ ಊರಿನಲ್ಲಿ ನಾಯಿಗಳನ್ನು ಕಾಡುವ ಕಾಯಿಲೆ, ನಮಗೇ ಭಯ. ಹೇಲು ಮಾಡಿದರೆ ಆ ಕ್ಷಣವೇ ಚೀಲದಲ್ಲಿ ಎತ್ತಿ ವಾಪಸು ಒಯ್ಯಬೇಕು. ಮಣ್ಣು ಮುಚ್ಚುವುದು ನಡೆಯದು. ರಿಂಗಿನೊಳಗೆ ಮಾಡಿದರೆ ಆ ಓಟ ಅಲ್ಲಿಗೆ ಮುಗಿಯಿತು, ಹಾಗಾಗಿ ಎಲ್ಲರೂ ಮೊದಲೇ ಹೊರಗೆ ನಡೆಸಿಕೊಂಡು ಬರುತ್ತಾರೆ. ಜನರ ಅಥವಾ ನಾಯಿಗಳ ಮೇಲೆ ಎಗರಿದ ನಾಯಿ ಅಂದೇ ಮನೆಗೆ. ಮತ್ತೆ ಬರುವುದು ಬಾಯಿಬುಟ್ಟಿ ಹಾಕಿ, ತರಬೇತುದಾರರ ಜೊತೆ ಒಂಟಿ ಪಾಠಕ್ಕೆ. ಎಲ್ಲವೂ ರಿಜಿಸ್ಟರಿನಲ್ಲಿ ಬರೆದಿರುತ್ತದೆ, ಪಾಲಿಕೆ ಯಾವಾಗ ಬೇಕಾದರೂ ನೋಡಬಹುದು.

ಮೈದಾನದಲ್ಲಿ ಮೊದಲಿಂದ ಇರುವ ಬೀದಿ ನಾಯಿಗಳನ್ನು ಓಡಿಸಿ ಎಂದು ನಾವು ಕೇಳುವುದಿಲ್ಲ. ಅವಕ್ಕೆ ಊಟ ಹಾಕುವವರ ಜೊತೆ ಮಾತಾಡಿ, ಅಭ್ಯಾಸದ ದಿನ ಒಂದು ಗಂಟೆ ಮೊದಲು ಬೇರೆ ಗೇಟಿನ ಬಳಿ ಹಾಕಿದರೆ ಅವು ಉಂಡು ಅಲ್ಲೇ ಮಲಗುತ್ತವೆ. ಸಂತಾನಹರಣ ಚಿಕಿತ್ಸೆಯಾಗದ ನಾಯಿ ಕಂಡರೆ, ಅಂದರೆ ಕಿವಿಯಲ್ಲಿ ಅದರ ಗುರುತಿನ ಕತ್ತರಿ ಕಚ್ಚು ಇಲ್ಲದಿದ್ದರೆ, ಆ ವಿಭಾಗಕ್ಕೆ ತಿಳಿಸುವ ಕೆಲಸ ನಮ್ಮದು.

ಮೊದಲೇ ವರ್ಷದ ಅನುಮತಿ ಬೇಡ. ನವೆಂಬರ್‌ನಿಂದ ಜನವರಿವರೆಗೆ ಮೂರು ತಿಂಗಳು ಕೊಡಿ. ಆಗ ಮಳೆ ಕಡಿಮೆಯಾಗುತ್ತಾ ಬರುತ್ತದೆ, ಹುಲ್ಲು ಇನ್ನೂ ಉಳಿದಿರುತ್ತದೆ, ಬೆಳಿಗ್ಗೆ ತಂಪು. ಠೇವಣಿ ಇಡುತ್ತೇವೆ, ನೆಲ ಹಾಳಾದರೆ ಅದರಿಂದ ಮುರಿದುಕೊಳ್ಳಿ. ಮೊದಲ ದಿನ ಮತ್ತು ಕೊನೆಯ ದಿನ ವಾರ್ಡಿನ ಎಂಜಿನಿಯರು, ನಿವಾಸಿಗಳ ಸಂಘದ ಒಬ್ಬರು, ನಮ್ಮವರೊಬ್ಬರು ಒಟ್ಟಿಗೆ ಮೈದಾನ ನಡೆದು ಫೋಟೊ ತೆಗೆದು ಸಹಿ ಹಾಕಲಿ. ಮುಂದುವರಿಸುವುದೋ ಬಿಡುವುದೋ ಆ ಕಾಗದ ನೋಡಿ ತೀರ್ಮಾನಿಸಿ.

ಇಂತಿ ತಮ್ಮ ವಿಶ್ವಾಸಿಗಳು,
ನಗರದ ಶ್ವಾನ ಕ್ರೀಡಾ ಕ್ಲಬ್ಬೊಂದರ ಸದಸ್ಯರು ಮತ್ತು ತರಬೇತುದಾರರು